ಮಾಸ್ತರರ ಎಡಗೈ ಕಿರುಬೆರಳು

ಕುಷ್ಟಗಿಯ ಒಂದು ಕಲ್ಯಾಣ ಮಂಟಪದಲ್ಲಿ, ಅಕ್ಷತೆ ಬಿದ್ದು ಜನ ಊಟಕ್ಕೆ ಏಳುತ್ತಿದ್ದ ಹೊತ್ತಿನಲ್ಲಿ, ನಾನು ಒಂದು ಹಾಡನ್ನು ತಪ್ಪು ಸ್ವರದಲ್ಲಿ ಬಾರಿಸಿದೆ. ಒಂದು ಸಾಲಲ್ಲ, ಒಂದು ಚರಣವಲ್ಲ, ಇಡೀ ಹಾಡು. ಅದನ್ನೂ ಬಹಳ ಚೆನ್ನಾಗಿ ಬಾರಿಸಿದೆ. ತಾಳ ಒಂದು ಚೂರೂ ಜಾರಲಿಲ್ಲ, ಬೆರಳು ಎಲ್ಲೂ ಎಡವಲಿಲ್ಲ. ಕೊನೆಯ ಪೆಟ್ಟನ್ನು ಢೋಲಕ್ ಜೊತೆ ಸರಿಯಾಗಿ ಕೂಡಿಸಿ, ಹೆಮ್ಮೆಯಿಂದ ತಲೆ ಎತ್ತಿದೆ. ವೇದಿಕೆಯ ಮೇಲಿದ್ದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಬೇಸ್ ಗಿಟಾರ್ ಅಂದರೆ ನಾಲ್ಕು ದಪ್ಪ ತಂತಿಯ ಗಿಟಾರು. ಹಾಡಿನ ಬುಡ ಹಿಡಿಯುವುದು ಅದರ ಕೆಲಸ. ಸರಿಯಾಗಿ ಬಾರಿಸಿದರೆ ಯಾರೂ ತಿರುಗಿ ನೋಡುವುದಿಲ್ಲ, ತಪ್ಪಿದರೆ ಅಡುಗೆಯವರೂ ಎದ್ದು ಬಂದು ನೋಡುತ್ತಾರೆ. ಅವತ್ತು ಒಬ್ಬ ಬಂದೇ ಬಿಟ್ಟಿದ್ದ, ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡು.

ಆದದ್ದು ಇಷ್ಟು. ನಮ್ಮ ಆರ್ಕೆಸ್ಟ್ರಾದ ಯಜಮಾನರೂ ಕೀಬೋರ್ಡ್ ಬಾರಿಸುವವರೂ ಒಬ್ಬರೇ. ಸರ್ಕಾರಿ ಸಾಲೆಯಲ್ಲಿ ಶಿಕ್ಷಕರು, ಹಾಗಾಗಿ ಎಲ್ಲರಿಗೂ ‘ಮಾಸ್ತರರು’. ಈಗಿನ ಕೀಬೋರ್ಡುಗಳಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕೈ ಮೊದಲಿನ ಮನೆಗಳ, ಅಂದರೆ ಕೀಗಳ, ಮೇಲೆಯೇ ಓಡುತ್ತಿರುತ್ತದೆ, ಹೊರಗೆ ಬರುವ ಸ್ವರ ಮಾತ್ರ ಒಂದು ಹೆಜ್ಜೆ ಇಳಿಯುತ್ತದೆ ಇಲ್ಲವೇ ಏರುತ್ತದೆ. ಅವತ್ತು ಹಾಡುವ ಅಕ್ಕನಿಗೆ ನೆಗಡಿಯಾಗಿತ್ತು. ಹಾಡು ಶುರುವಾಗುವ ಮೊದಲು ಅವರು ಮಾಸ್ತರರಿಗೆ ಒಂದು ಬೆರಳು ಕೆಳಗೆ ಮಾಡಿ ತೋರಿಸಿದರು. ಮಾಸ್ತರರು ಗುಂಡಿ ಒತ್ತಿದರು. ನಾನು ಅದನ್ನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಮಾಸ್ತರರ ಎಡಗೈಯ ಕಿರುಬೆರಳನ್ನು.

ಎಂಟು ವರ್ಷದಿಂದ ಅದೇ ನನ್ನ ಕಸುಬು. ಅವರ ಎಡಕ್ಕೆ ನಿಲ್ಲುವುದು, ಕಿರುಬೆರಳು ಯಾವ ಮನೆಯ ಮೇಲೆ ಬಿತ್ತೋ ಆ ಸ್ವರವನ್ನು ನನ್ನ ಗಿಟಾರಿನಲ್ಲಿ ಒತ್ತುವುದು. ಆ ಹಾಡಿಗೆ ಅವರ ಬೆರಳು ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದರ ಮೇಲೆ, ಅಂದರೆ ಐದನೆಯ ಬಿಳಿ ಮನೆಯ ಮೇಲೆ ಬೀಳುತ್ತಿತ್ತು. ನಾನು ಅದೇ ಸ್ವರಕ್ಕೆ ಗಿಟಾರಿನ ಕತ್ತಿನ ಮೇಲಿನ ಮೂರನೆಯ ಅಡ್ಡಪಟ್ಟಿ, ಅಂದರೆ ಮೂರನೆಯ ಫ್ರೆಟ್, ಒತ್ತಿದೆ. ಆದರೆ ಅಕ್ಕ, ಕೀಬೋರ್ಡು ಎಲ್ಲ ಇದ್ದದ್ದು ಒಂದು ಹೆಜ್ಜೆ ಕೆಳಗೆ, ಬಿಳಿ ನಾಲ್ಕು-ಐದರ ನಡುವಿನ ಕಪ್ಪು ಮೂರರಲ್ಲಿ. ನಾಲ್ಕೂವರೆ ನಿಮಿಷ ನಾನೊಬ್ಬನೇ ಪಕ್ಕದ ಮನೆಯಲ್ಲಿ ಸಂಸಾರ ಮಾಡಿದೆ.

ಕ್ರೂಸರ್ ಗಾಡಿಯಲ್ಲಿ ಗಂಗಾವತಿಗೆ ಹೊರಟೆವು. ತಾವರಗೇರಾ ದಾಟಿದ ಮೇಲೆ ಮಾಸ್ತರರು ಮುಂದಿನ ಸೀಟಿನಿಂದ, ಹಿಂದೆ ತಿರುಗದೆ, ಕೇಳಿದರು.

“ಏನಾಗಿತ್ತೋ ತಮ್ಮಾ ನಿನಗ?”

“ಬಟನ್ ಒತ್ತೀನಿ ಅಂತ ನೀವು ಹೇಳಲಿಲ್ರಿ ಮಾಸ್ತರ.”

“ನಡುವ ಹಾಡು ನಿಲ್ಲಿಸಿ ನಿನಗ ಅರ್ಜಿ ಕೊಡಬೇಕಿತ್ತೇನು? ಢೋಲಕ್‌ನವಗ ಗೊತ್ತಾತು, ಸೌಂಡಿನವಗ ಗೊತ್ತಾತು, ಸಾರು ಬಡಸಾವಗೂ ಗೊತ್ತಾತು. ನಿನಗೊಬ್ಬಗ ಗೊತ್ತಾಗಲಿಲ್ಲ?”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಕುತ್ತಿಗೆಗೆ ಶಾಲು ಸುತ್ತಿಕೊಂಡು ಕಿಟಕಿ ಪಕ್ಕ ಕೂತಿದ್ದರು. ಹುಡುಗಿಯಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರು ಮೆಲ್ಲಗೆ ಹೇಳಿದರು: “ನಿನ್ನ ಕೈ ಛಲೋ ಅದಾವ ತಮ್ಮಾ, ಖರೇನ ಹೇಳ್ತೀನಿ. ಆದ್ರ ನೀ ಕಣ್ಣಿಲೆ ಬಾರಸ್ತಿ. ಎಂಟು ವರ್ಷ ಆತು ನಿನ್ನ ಮುಂದ ನಿಂತು ಹಾಡಾಕತ್ತು. ಒಮ್ಮೆರ ನನ್ನ ದನಿ ಕೇಳಿಯೇನು?”

ನಾನು ಮಡಿಲಲ್ಲಿದ್ದ ಗಿಟಾರಿನ ಚೀಲದ ಜಿಪ್ಪನ್ನು ಎಳೆಯುತ್ತ ಕೂತೆ. ಅಷ್ಟರಲ್ಲಿ ಮಾಸ್ತರರು ತೀರ್ಮಾನ ಹೇಳಿಬಿಟ್ಟರು.

“ಇನ್ನೇನು ಧನುರ್ಮಾಸ ಬರತೈತಿ, ಲಗ್ನ ಇಲ್ಲ. ಸಂಕ್ರಾಂತಿ ಆದ ಮ್ಯಾಲ ಬೇವೂರ ಕಡೆ ಒಂದು ಸಾಮೂಹಿಕ ಲಗ್ನ ಒಪ್ಪಿಕೊಂಡೀನಿ. ಅಲ್ಲೀತನಕ ನೋಡೂನು. ಸರಿ ಆಗಲಿಲ್ಲ ಅಂದ್ರ ಬೇಸ್ ನಾನs ಎಡಗೈಲೆ ಬಾರಸ್ತೀನಿ, ಕೀಬೋರ್ಡಿನಾಗ ಆ ಸೌಂಡ್ ಐತಿ. ಸಿಟ್ಟಾಗಬ್ಯಾಡ.”

ಸಿಟ್ಟಾಗಬೇಡ ಅಂದದ್ದಕ್ಕೇ ನನಗೆ ವಿಪರೀತ ಸಿಟ್ಟು ಬಂತು.

ನಾನು ಹಗಲಿಡೀ ಗಂಗಾವತಿಯ ಒಂದು ಅಂಗಡಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವವನು. ಸುಟ್ಟ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತುವ ಕೆಲಸ. ಅದರಲ್ಲಿ ನನಗೆ ಬೇಸರವಿಲ್ಲ, ಹೆಸರೂ ಇದೆ. ಆದರೆ ಗಿಟಾರ್ ಹೆಗಲಿಗೆ ಹಾಕಿ ಮೊದಲ ತಂತಿ ಮಿಡಿದಾಗ ಕಾಲಡಿಯ ಹಲಗೆ ನಡುಗುತ್ತದಲ್ಲ, ಅದು ಬೇರೆಯೇ ಸಂತೋಷ. ಆ ಜಾಗವನ್ನು ಇನ್ನೊಬ್ಬ ಬೇಸ್ ವಾದಕನಿಗೆ ಬಿಟ್ಟುಕೊಡು ಅಂದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಒಂದು ಎಡಗೈಗೆ, ಅದೂ ನಾನು ಎಂಟು ವರ್ಷ ನೋಡಿಕೊಂಡು ಬಂದ ಎಡಗೈಗೆ, ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ಸಾಧನೆಗೆ ಕೂತೆ. ಅಂಗಡಿಗೆ ಹೋಗುವವರೆಗೆ ಒಂದೂಕಾಲು ತಾಸು ಸಿಗುತ್ತಿತ್ತು. ಸಿಟ್ಟಿನಲ್ಲಿ ಕೂತವನಿಗೆ ಬುದ್ಧಿ ಎಲ್ಲಿಂದ ಬರಬೇಕು? ವೇಗ ಹೆಚ್ಚಿಸಿದೆ. ಫೋನಿನಲ್ಲಿ ತಾಳ ಹಾಕುವ ಆ್ಯಪ್ ಇಟ್ಟುಕೊಂಡು ನಿಮಿಷಕ್ಕೆ ಎಂಬತ್ತು ಪೆಟ್ಟಿನಿಂದ ನೂರು, ನೂರಿಪ್ಪತ್ತು, ನೂರನಲವತ್ತು. ತೋರುಬೆರಳು, ನಡುಬೆರಳು, ತೋರುಬೆರಳು, ನಡುಬೆರಳು. ಎರಡು ವಾರದಲ್ಲಿ ಬೆರಳ ತುದಿಯ ಚರ್ಮ ಸುಲಿಯಿತು. ಅಂಗಡಿಯಲ್ಲಿ ಆ ಜಾಗಕ್ಕೆ ವಾರ್ನಿಶ್ ತಾಗಿ ಪ್ರಾಣ ಹೋದಂತಾಯಿತು. ಆದರೂ ಬಿಡಲಿಲ್ಲ.

ನನ್ನ ಹೆಂಡತಿ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವಳು. ಒಂದು ದಿನ ಒಲೆಯ ಮುಂದೆ ಏನೋ ಗುನುಗುತ್ತಿದ್ದಳು. ಕಣ್ಣು ಮುಚ್ಚಿ ಅದಕ್ಕೆ ಬೇಸ್ ಹಿಡಿಯಲು ಹೋದೆ. ಸಿಗಲಿಲ್ಲ. ಇನ್ನೊಂದು ಸ್ವರ ಹಿಡಿದೆ, ಅದೂ ಅಲ್ಲ. ಅವಳು ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಮೊದಲು ತಪ್ಪು ಸಾವಕಾಶ ಬಾರಸ್ತಿದ್ರಿ,” ಅಂದಳು. “ಈಗ ಜಲ್ದಿ ಬಾರಸ್ತೀರಿ ನೋಡ್ರಿ. ಸುಧಾರಣೆ ಆಗೈತಿ.”

ಮುಖಕ್ಕೆ ಹೊಡೆದಂತಾಯಿತು. ಎರಡು ವಾರ ಹಾಳಾಗಿತ್ತು.

ಆ ವಾರವೇ ನವಲಿ ಕಡೆಯಿಂದ ಒಂದು ಕರೆ ಬಂತು. ಕಾಲುವೆ ದಂಡೆಯ ಗದ್ದೆ, ನಾಟಿಗೆ ನೀರು ಬಿಡುವ ಹೊತ್ತು, ಮೋಟರ್ ಗರಗರ ಅನ್ನುತ್ತಿದೆ. ಹೋದೆ. ಗದ್ದೆಯವರು ನಟ್ಟು ಬಿಚ್ಚುವ ಪಾನಾ ಎಲ್ಲ ತೆಗೆದಿಟ್ಟು ಕಾಯುತ್ತಿದ್ದರು.

“ಬಿಚ್ಚೂನೇನ್ರಿ?”

“ತಡೀರಿ, ಚಾಲೂ ಮಾಡ್ರಿ,” ಅಂದೆ.

ಮೋಟರ್ ತಿರುಗಿತು. ನಾನು ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಅದರ ತುದಿಯನ್ನು ಮೋಟರಿನ ಮೈಗೆ, ಹಿಡಿಯನ್ನು ಕಿವಿಗೆ ಒತ್ತಿದೆ. ವೈಂಡಿಂಗ್ ಕೆಲಸದವರೆಲ್ಲ ಮಾಡುವುದೇ ಇದು. ಹೊರಗಿನ ಗದ್ದಲವೆಲ್ಲ ಹಿಂದೆ ಸರಿದು ಒಳಗಿನ ಸದ್ದು ಮಾತ್ರ ಕಡ್ಡಿಯ ಮೂಲಕ ತಲೆಯೊಳಕ್ಕೆ ಬರುತ್ತದೆ. ಮುಂದಿನ ಬೇರಿಂಗ್ ನುಣ್ಣಗೆ ಓಡುತ್ತಿತ್ತು. ಹಿಂದಿನದು ಕಲ್ಲು ಕಡಿಯುತ್ತಿತ್ತು.

“ಹಿಂದಿನ ಬೇರಿಂಗ್ ಹೋಗೈತ್ರಿ. ವೈಂಡಿಂಗ್ ಗಟ್ಟಿ ಐತಿ.”

“ಅಲ್ರೀ, ಬಿಚ್ಚಿ ನೋಡದನ ಹೆಂಗ ಹೇಳ್ತೀರಿ?”

“ನೋಡೂದೇನೈತ್ರಿ ಇದರಾಗ? ಕೇಳಿದರ ಗೊತ್ತಾಗತೈತಿ.”

ಹೇಳಿದವನು ಹಾಗೇ ನಿಂತೆ. ಗದ್ದೆಯವರು ನಾನು ಇನ್ನೇನೋ ಹೇಳುತ್ತೇನೆಂದು ಕಾಯುತ್ತಿದ್ದರು. ಎಲಾ ಇವನ! ಮೋಟರ್ ಬಿಚ್ಚದೆ ರೋಗ ಹೇಳುವ ಈ ಕಿವಿಯನ್ನು ನಾನು ವೇದಿಕೆ ಹತ್ತುವಾಗ ಎಲ್ಲಿ ಬಿಟ್ಟು ಹೋಗುತ್ತಿದ್ದೆ? ಗೊತ್ತಿಲ್ಲದ ವಿದ್ಯೆಯಾದರೆ ಕಲಿಯಬೇಕು. ಇದು ನನಗೆ ಗೊತ್ತಿದ್ದ ವಿದ್ಯೆ. ಬೇರಿಂಗ್ ಬದಲಿಸಿ ಬೈಕ್ ಹತ್ತಿದಾಗ ನನಗೆ ಗೆದ್ದೇಬಿಟ್ಟೆ ಅನ್ನಿಸಿತ್ತು.

ಮರುದಿನದಿಂದ ಸಾಧನೆಯ ಕ್ರಮವನ್ನೇ ಬದಲಿಸಿದೆ. ಆ್ಯಂಪ್ಲಿಫೈಯರ್ ಬಂದ್. ಬೇಸ್ ಗಿಟಾರಿಗೆ ಕರೆಂಟ್ ಇಲ್ಲದಿದ್ದರೆ ಸದ್ದು ಇಲ್ಲದಂತೆಯೇ, ಸೊಳ್ಳೆ ಗುಂಯ್‌ಗುಟ್ಟಿದಷ್ಟು ಕೇಳುತ್ತದೆ. ಆದರೆ ಗಿಟಾರಿನ ಮೇಲ್ಭಾಗದಲ್ಲಿ ಕೊಂಬಿನಂತೆ ಚಾಚಿದ ತುದಿ ಇರುತ್ತದಲ್ಲ, ಅದಕ್ಕೆ ಗದ್ದದ ಎಲುಬು ಒತ್ತಿದೆ. ಅಬ್ಬಾ! ಸ್ವರ ದವಡೆಯಿಂದ ನೇರವಾಗಿ ತಲೆಯೊಳಗೆ ಇಳಿಯಿತು. ಸ್ಕ್ರೂಡ್ರೈವರಿನ ಕೆಲಸವನ್ನೇ ಗಿಟಾರ್ ಮಾಡಿತು. ಗೋಡೆಗೆ ಮುಖ ಮಾಡಿ ಕೂತೆ, ಕಣ್ಣಿಗೆ ಏನೂ ಕಾಣದಂತೆ. ಮೊದಲ ಕಾಲು ತಾಸು ಒಂದೇ ಸ್ವರ. ಮೊದಲು ಬಾಯಲ್ಲಿ ಹಿಡಿಯಬೇಕು, ಆಮೇಲೆ ಬೆರಳಲ್ಲಿ ಹುಡುಕಬೇಕು. ಬಾಯಿಗೆ ಬರುವ ಮೊದಲು ತಂತಿ ಮುಟ್ಟುವಂತಿಲ್ಲ. ಆಮೇಲೆ ಒಂದು ಹಾಡು, ಅದರ ಬುಡದ ಸ್ವರಗಳಷ್ಟೇ, ಚಮತ್ಕಾರ ಏನೂ ಬೇಡ. ಕೊನೆಗೆ ಅದೇ ಹಾಡನ್ನು ಒಂದು ಹೆಜ್ಜೆ ಇಳಿಸಿ, ಎರಡು ಹೆಜ್ಜೆ ಏರಿಸಿ. ಯಾವುದೂ ನಿಮಿಷಕ್ಕೆ ಅರವತ್ತು ಪೆಟ್ಟಿನ ಮೇಲೆ ಹೋಗುವಂತಿಲ್ಲ.

ಅಂಗಡಿಯಲ್ಲಿ ಮೋಟರುಗಳ ಲೆಕ್ಕ ಬರೆದಿಡಲು ನನ್ನದೊಂದು ಪುಸ್ತಕ ಇದೆ, ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ ಎಂದು. ಅದರ ಹಿಂದಿನ ಹಾಳೆಗಳಲ್ಲಿ ನನ್ನ ತಪ್ಪುಗಳನ್ನು ಬರೆಯತೊಡಗಿದೆ. ‘ಪಕ್ಕದ ಫ್ರೆಟ್, ಮೂರು ಸಲ.’ ‘ಚರಣಕ್ಕೆ ಹೋಗುವಾಗ ಅವಸರ.’ ‘ಹಾಡದೆ ಬಾರಿಸಿದೆ, ಸಿಗಲಿಲ್ಲ.’ ಪ್ರತಿದಿನ ಹಿಂದಿನ ದಿನದ ತಪ್ಪಿನಿಂದಲೇ ಶುರು.

ಹೆಂಡತಿಗೆ ಇದು ಆಟವಾಯಿತು. ಕಸ ಗುಡಿಸುತ್ತ, ಒಗೆಯುತ್ತ, ತನಗೆ ತೋಚಿದ ಸ್ವರದಲ್ಲಿ ಹಾಡು ಎತ್ತುತ್ತಿದ್ದಳು. ಮೊದಲ ಸಾಲು ಮುಗಿಯುವುದರೊಳಗೆ ನಾನು ಬುಡದ ಸ್ವರ ಹಿಡಿಯಬೇಕು. ಹಿಡಿದರೆ ಚಹಾ. ತಪ್ಪಿದರೆ, “ತಪ್ಪಿತ್ರಿ, ನಡೀರಿ ಭಾಂಡೆ ತಿಕ್ಕಾಕ!” ಮೊದಲ ವಾರ ನಮ್ಮ ಮನೆಯ ಪಾತ್ರೆಗಳು ಹೊಳೆದಷ್ಟು ಮದುವೆಯಾದಾಗಿನಿಂದ ಹೊಳೆದಿರಲಿಲ್ಲ. ಒಮ್ಮೊಮ್ಮೆ ನಾನು ಹಿಡಿದ ಮೇಲೆ ಬೇಕಂತಲೇ ಸ್ವರ ಜಾರಿಸಿ ತಪ್ಪಿತು ಅನ್ನುತ್ತಿದ್ದಳು. “ಮೋಸ ಮಾಡಬ್ಯಾಡ,” ಅಂದರೆ, “ನಿಮ್ಮ ಅಕ್ಕಾರಿಗೂ ಹಂಗs ಅಂತೀರೇನು ಸ್ಟೇಜ್ ಮ್ಯಾಲ?” ಅನ್ನುವಳು. ಎದ್ದು ಭಾಂಡೆ ತಿಕ್ಕುವುದೊಂದೇ ದಾರಿ.

ಮೂರನೆಯ ವಾರಕ್ಕೆ ಬಹುತೇಕ ಚಹಾ ಸಿಗತೊಡಗಿತು. ನನ್ನ ತಲೆ ತಿರುಗಿದ್ದು ಅಲ್ಲೇ.

ನಮ್ಮ ಅಂಗಡಿಯಲ್ಲಿ ಒಂದು ಹಳೆಯ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್ ಇದೆ. ಚಾಲೂ ಇಟ್ಟರೆ ದಿನವಿಡೀ ಒಂದೇ ಸಮ ಗುಂಯ್ ಅನ್ನುತ್ತದೆ. ಆಹಾ, ತಂಬೂರಿ ಇದ್ದಂತೆ ಇದೆಯಲ್ಲ ಅನ್ನಿಸಿತು. ಶ್ರುತಿ ನೋಡುವ ಆ್ಯಪ್ ಯಾಕೆ ಬೇಕು, ನನಗೀಗ ಕಿವಿ ಇದೆ ಎಂದು ಗಿಟಾರನ್ನು ಅಂಗಡಿಗೇ ತಂದು, ಊಟದ ವೇಳೆಯಲ್ಲಿ ಅದರ ಸದ್ದಿಗೆ ತಂತಿ ಕೂಡಿಸಿ ಹತ್ತು ದಿನ ಸಾಧನೆ ಮಾಡಿದೆ. ಒಂದು ಭಾನುವಾರ ಬೆಳಿಗ್ಗೆ ಮಾಸ್ತರರ ಮನೆಯಲ್ಲಿ ಎಲ್ಲರೂ ರಿಹರ್ಸಲ್‌ಗೆ ಸೇರಿದೆವು. ಮೊದಲ ಸ್ವರ ಬಾರಿಸಿದ್ದೇ ತಡ, ಮಾಸ್ತರರು ಹಲ್ಲುನೋವು ಬಂದವರಂತೆ ದವಡೆ ಹಿಡಿದುಕೊಂಡರು.

“ಯಾವುದಕ್ಕ ಕೂಡಿಸಿಯೋ ಇದನ್ನ? ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ!”

“ವೆಲ್ಡಿಂಗ್ ಮಷೀನಿಗ್ರಿ,” ಅಂದೆ.

ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಢೋಲಕ್‌ನವನು ಢೋಲಕ್ ಮೇಲೆಯೇ ಬಿದ್ದು ನಕ್ಕ. ಆಮೇಲೆ ಆ್ಯಪ್ ತೆಗೆದು ನೋಡಿದರೆ, ಆ ಯಂತ್ರದ ಸದ್ದು ಎರಡು ಸ್ವರಗಳ ನಡುವೆ ನಿಲ್ಲುವಂಥದ್ದು. ಜಗತ್ತಿನ ಯಾವ ಹಾರ್ಮೋನಿಯಂನಲ್ಲೂ ಇಲ್ಲದ ಶ್ರುತಿಗೆ ನಾನು ಹತ್ತು ದಿನ ಕಿವಿಯನ್ನು ಪಳಗಿಸಿದ್ದೆ. ನೆಲ ಬಿರಿಯಬಾರದೇ ಅನ್ನಿಸಿತು.

ಅವತ್ತೂ ನಗದೇ ಇದ್ದವರು ಅಕ್ಕ ಒಬ್ಬರೇ.

“ನಗಬ್ಯಾಡ್ರಿ ಮಾಸ್ತರ,” ಅಂದರು. “ಕೂಡಿಸಿದ್ದು ತಪ್ಪು ಶ್ರುತಿ, ಆದ್ರ ಬರೋಬ್ಬರಿ ಅದಕ್ಕs ಕೂಡಿಸ್ಯಾನ. ಹೋದ ವರ್ಷ ಇವಗ ಅಷ್ಟೂ ಆಗತಿದ್ದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ತಮ್ಮಾ, ಮಂಗಳವಾರ ಹುಲಿಗಿಗೆ ಬಾ. ಗಿಟಾರ್ ತಗೊಂಡು ಬಾ,” ಅಂದರು.

ಹುಲಿಗೆಮ್ಮನ ಗುಡಿಯ ದಾರಿಯಲ್ಲಿ ಅಕ್ಕನ ಮನೆಯವರ ಹೂಕಾಯಿ ಅಂಗಡಿ ಇದೆ. ಮಂಗಳವಾರ, ಶುಕ್ರವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೇರೆ ದಿನ ಬಂದರೆ ಶಾಂತವಾಗಿ ಕಲಿಯಬಹುದಲ್ಲ ಎಂದು ಕೇಳಿದೆ.

“ಶಾಂತ ಇದ್ದಲ್ಲಿ ಯಾರು ಹಾಡಸ್ತಾರ ನಮ್ಮನ್ನ?” ಅಂದರು. “ಆ ಗದ್ದಲದಾಗ ನನ್ನ ದನಿ ಹಿಡಿ. ಅಲ್ಲಿ ಸಿಕ್ಕರ ಎಲ್ಲಾ ಕಡೆ ಸಿಗತೈತಿ.”

ಅರ್ಧ ದಿನ ರಜೆ ಹಾಕಿ ಹೋದೆ. ಅಂಗಡಿಯ ಹಿಂದೆ, ಕಾಯಿ ಚೀಲಗಳ ನಡುವೆ ಒಂದು ಸ್ಟೂಲು. ಮುಂದೆ ಘಂಟೆ, ಆಟೋ ಹಾರ್ನು, ‘ಬರ್ರಿ ಅಕ್ಕಾರ, ಕಾಯಿ ತಗೋರಿ’ ಎಂಬ ಕೂಗು. ಅಕ್ಕ ನನಗೆ ಬೆನ್ನು ಮಾಡಿ ಮಾಲೆ ಕಟ್ಟುತ್ತ ಗುನುಗುವುದು, ನಾನು ಗದ್ದವನ್ನು ಗಿಟಾರಿಗೆ ಒತ್ತಿ ಹುಡುಕುವುದು.

“ಎಲ್ಲದೀನಿ ಹೇಳು.”

“ಬಿಳಿ ಆರು?”

“ಕೇಳೀಯೋ, ಅಂದಾಜು ಮಾಡೀಯೋ?”

“ಅಂದಾಜ್ರಿ.”

“ಹಂಗಾರ ಬಾಯಿ ಮುಚ್ಚಿಕೊಂಡು ಇನ್ನೊಮ್ಮೆ ಕೇಳು.”

ಗಿರಾಕಿ ಬಂದರೆ ಹಾಡು ಅರ್ಧಕ್ಕೆ ನಿಲ್ಲುತ್ತಿತ್ತು. ಕಾಯಿ, ಕರ್ಪೂರ ಕೊಟ್ಟು ಮುಗಿಸಿ ಮತ್ತೆ ಎತ್ತಿಕೊಳ್ಳುವ ಹೊತ್ತಿಗೆ ನಾನು ಆ ಸ್ವರವನ್ನು ಬಿಡದೆ ಹಿಡಿದಿರಬೇಕು. ಇದು ಬಹಳ ಕಷ್ಟ. ಒಬ್ಬ ಅಜ್ಜಿ ಕುಂಕುಮ ಆರಿಸಲು ಐದು ನಿಮಿಷ ತೆಗೆದುಕೊಂಡಳು. ಅಷ್ಟೂ ಹೊತ್ತು ನಾನು ಮೂಗಿನಲ್ಲಿ ಆ ಸ್ವರ ಹಿಡಿದು ಕೂತಿದ್ದೆ. ಹೋಗುವಾಗ ಅಜ್ಜಿ ನನ್ನತ್ತ ಬಗ್ಗಿ ನೋಡಿ ಅಕ್ಕನನ್ನು ಕೇಳಿದಳು: “ಅದ್ಯಾಕವ್ವಾ ಅಂವ ಗಿಟಾರ್ ಕಡ್ಯಾಕತ್ತಾನ?”

“ಹಸಿವ್ಯಾಗೈತಿ ಬೇ ಅವಗ,” ಅಂದರು ಅಕ್ಕ.

ಮೂರು ಮಂಗಳವಾರ ಹೋದೆ. ಮೊದಲ ಮಂಗಳವಾರ ತಪ್ಪೇ ಹೆಚ್ಚು. ಎರಡನೆಯದರಲ್ಲಿ ಸಿಗುತ್ತಿತ್ತು, ಉಳಿಯುತ್ತಿರಲಿಲ್ಲ. ಮೂರನೆಯ ಮಂಗಳವಾರ ಒಂದು ವಿಚಿತ್ರ ನಡೆಯಿತು. ಹಾಡುತ್ತ ಹಾಡುತ್ತ ಅಕ್ಕನ ದನಿ ದಣಿಯುತ್ತದೆ, ಮೇಲಿನ ಸ್ವರ ಬರುವ ಮೊದಲೇ ಅವರು ಒಂದು ಚಿಕ್ಕ ಉಸಿರು ಕದಿಯುತ್ತಾರೆ, ಸಾಲಿನ ಕೊನೆಯಲ್ಲಿ ಬುಡದ ಸ್ವರಕ್ಕೆ ಇಳಿದಾಗ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾರೆ. ಇದೆಲ್ಲ ನನಗೆ ಕೇಳಿಸಿತು. ಆ ನಿಲ್ಲುವ ಜಾಗ ನನ್ನದು, ನಾನು ಅಲ್ಲಿ ಗಟ್ಟಿಯಾಗಿದ್ದರೆ ಅವರು ಒರಗಿಕೊಳ್ಳಬಹುದು ಎಂದು ಹೊಳೆಯಿತು. ಎಂಟು ವರ್ಷ ಇವರು ಒರಗಲು ಬಂದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ನನಗೆ ನಾಚಿಕೆಯಾಯಿತು. ಸಂತೋಷವೂ ಆಯಿತು. ಅಕ್ಕ ಚಹಾ ತರಿಸಿದರು.

ಸಾಮೂಹಿಕ ಮದುವೆಯ ದಿನ ಬೇವೂರಿನ ಹೊರಗೆ ಬಯಲಲ್ಲಿ ದೊಡ್ಡ ಶಾಮಿಯಾನ. ಸಾಲಾಗಿ ವಧುವರರು, ಬಾಸಿಂಗ, ಧೂಳು, ಬಿಸಿಲು. ನಾನು ಆ್ಯಂಪ್ಲಿಫೈಯರ್ ಎತ್ತಿಕೊಂಡು ಹೋಗಿ ಮಾಸ್ತರರ ಬೆನ್ನ ಹಿಂದೆ ಇಟ್ಟೆ. ಅಲ್ಲಿ ನಿಂತರೆ ಅಕ್ಕನ ಸ್ಪೀಕರ್ ನನ್ನ ಮುಖಕ್ಕೆ ಬರುತ್ತದೆ, ಮಾಸ್ತರರ ಕೈ ಕಾಣುವುದಿಲ್ಲ.

“ಅಲ್ಲೇನ್ ಮಾಡ್ತಿಯೋ? ಇತ್ತಾಗ ಬಾ,” ಅಂದರು ಮಾಸ್ತರರು.

“ಇಲ್ಲೇ ಛಲೋ ಐತ್ರಿ.”

“ನನ್ನ ಕೈ ಕಾಣೂದಿಲ್ಲಲ್ಲೋ ಅಲ್ಲಿಂದ.”

“ಅದಕ್ಕs ನಿಂತೀನ್ರಿ.”

ಅವರು ಹುಬ್ಬು ಏರಿಸಿದರು. “ಇವತ್ತು ಕಡೀದು ಅನ್ನೂದು ನೆನಪೈತಿಲ್ಲ?” ಅಂದು ತಮ್ಮ ಕೆಲಸಕ್ಕೆ ತಿರುಗಿದರು. ನೆನಪಿರದೇ ಏನು? ಗಿಟಾರ್ ಹೆಗಲಿಗೆ ಹಾಕಿ, ತಂತಿಗಳ ಶ್ರುತಿಯನ್ನು ಆ್ಯಪಿನಲ್ಲಿ ಇನ್ನೊಮ್ಮೆ ನೋಡಿಕೊಂಡೆ.

ಹಿಂದಿನ ದಿನ ಅಕ್ಕ ಇನ್ನೊಂದು ತಂಡದ ಜೊತೆ ಒಂದು ಮದುವೆಯಲ್ಲಿ ಹಾಡಿದ್ದರು. ಗಂಟಲು ದಣಿದಿತ್ತು. ಮಾಸ್ತರರಿಗೆ ಏನೋ ಸನ್ನೆ ಮಾಡಿದರು. ಗುಂಡಿ ಎಷ್ಟು ಸಲ ಒತ್ತಿದರೋ ನನಗೆ ಕಾಣಲಿಲ್ಲ. ಬೇಕಾಗಿಯೂ ಇರಲಿಲ್ಲ. ಅಕ್ಕ ಮೊದಲ ಸಾಲು ಎತ್ತಿದರು. ಅದು ಕುಷ್ಟಗಿಯಲ್ಲಿ ನಾನು ಕೆಡಿಸಿದ್ದ ಅದೇ ಹಾಡು. ಬಾಯಲ್ಲಿ ಹಿಡಿದೆ: ಬಿಳಿ ನಾಲ್ಕು. ಈ ಸಲ ಎರಡು ಹೆಜ್ಜೆ ಇಳಿದಿದ್ದರು. ನನ್ನ ಬೆರಳು ಮೊದಲನೆಯ ಫ್ರೆಟ್ಟಿಗೆ ಹೋಗಿ ಕೂತಿತು. ಹಲಗೆ ನಡುಗಿತು. ಅಕ್ಕ ತಿರುಗಿ ನೋಡಲಿಲ್ಲ, ನೋಡುವ ಅಗತ್ಯವೇ ಬೀಳಲಿಲ್ಲ.

ಎರಡನೆಯ ಚರಣದ ನಡುವೆ ಕರೆಂಟ್ ಹೋಯಿತು.

ಮೈಕ್ ಸತ್ತಿತು, ಕೀಬೋರ್ಡ್ ಸತ್ತಿತು, ನನ್ನದೂ ಸತ್ತಿತು. ಉಳಿದದ್ದು ಢೋಲಕ್ ಒಂದೇ. ಅಕ್ಕ ನಾಟಕ ಕಂಪನಿಯವರು, ನಿಲ್ಲಿಸಲಿಲ್ಲ. ಬರಿಗಂಟಲಲ್ಲಿ ಹಾಡುತ್ತಲೇ ಹೋದರು. ಜನ ಚಪ್ಪಾಳೆಯಲ್ಲಿ ತಾಳ ಹಾಕಿದರು. ಆ ಗದ್ದಲದಲ್ಲಿ ಅವರ ದನಿ ಎಳೆಯಾಗಿ ಕೇಳುತ್ತಿತ್ತು. ನಾನು ಬಗ್ಗಿ ಗದ್ದವನ್ನು ಗಿಟಾರಿನ ಕೊಂಬಿಗೆ ಒತ್ತಿದೆ, ಬಾರಿಸುತ್ತಲೇ ಇದ್ದೆ. ಹೊರಗೆ ಯಾರಿಗೂ ಕೇಳದ ಬಿಳಿ ನಾಲ್ಕು ನನ್ನ ತಲೆಯೊಳಗೆ ಗಟ್ಟಿಯಾಗಿ ಕೇಳುತ್ತಿತ್ತು.

ಜನರೇಟರ್ ಗುಡುಗಿತು. ಮೈಕ್ ಬಂತು, ನನ್ನ ಆ್ಯಂಪ್ಲಿಫೈಯರ್ ಡುಬ್ ಎಂದು ಎದ್ದಿತು. ನಾನೂ ಅಕ್ಕನೂ ಢೋಲಕ್ಕೂ ಒಂದೇ ಕಡೆ ಇದ್ದೆವು. ಕೀಬೋರ್ಡು ಮಾತ್ರ ಕಣ್ಣು ಬಿಡಲು ಒಂದಷ್ಟು ಹೊತ್ತು ತೆಗೆದುಕೊಂಡಿತು. ಅದರ ದೀಪ ಹತ್ತಿದ ಕೂಡಲೇ ಮಾಸ್ತರರು ಎರಡೂ ಕೈ ಊರಿದರು.

ಭಯಂಕರ! ಇಡೀ ಶಾಮಿಯಾನ ಓರೆಯಾದಂತೆ ಕೇಳಿತು. ಕರೆಂಟ್ ಹೋಗಿ ಬಂದಾಗ ಕೀಬೋರ್ಡು ಗುಂಡಿಯ ಲೆಕ್ಕವನ್ನು ಮರೆತುಬಿಟ್ಟಿತ್ತು. ಮಾಸ್ತರರ ಕೈ ಸರಿಯಾದ ಮನೆಗಳ ಮೇಲೇ ಇತ್ತು, ಸ್ವರ ಎರಡು ಹೆಜ್ಜೆ ಮೇಲಿತ್ತು. ಅಕ್ಕನ ದನಿ ಒಂದು ಗಳಿಗೆ ಅಲುಗಿತು, ಕೀಬೋರ್ಡಿನ ಕಡೆ ಏರಲು ಹೊರಟಿತು. ಏರಿದರೆ ದಣಿದ ಗಂಟಲು ಮೇಲಿನ ಸಾಲಿನಲ್ಲಿ ಒಡೆಯುವುದು ಖಂಡಿತ.

ಯಜಮಾನರು ಮಾಸ್ತರರು. ಅವರ ಹಿಂದೆ ಹೋಗುವುದು ಎಂಟು ವರ್ಷದ ರೂಢಿ. ಅವರನ್ನು ಬಿಟ್ಟು ನಿಂತು, ನಾನೇ ತಪ್ಪು ಎಂದಾದರೆ ಅವತ್ತಿಗೆ ನನ್ನ ಕಥೆ ಮುಗಿಯಿತು. ಆದರೆ ನನಗೆ ಅನುಮಾನವೇ ಇರಲಿಲ್ಲ. ನಾನು ಕೇಳಿದ್ದೆ. ಚಮತ್ಕಾರವನ್ನೆಲ್ಲ ಬಿಟ್ಟು ಬಿಳಿ ನಾಲ್ಕನ್ನೇ, ಅದೊಂದನ್ನೇ, ಪ್ರತಿ ಪೆಟ್ಟಿಗೂ ಒತ್ತಿ ಒತ್ತಿ ಬಾರಿಸಿದೆ. ಇಲ್ಲಿದ್ದೀನಿ ಅಕ್ಕಾ, ಇಲ್ಲೇ ಬಾ. ಅಕ್ಕ ಸಾಲಿನ ಕೊನೆಗೆ ಇಳಿದು ಬಂದು ಆ ಸ್ವರದ ಮೇಲೆ ನಿಂತರು.

ಮಾಸ್ತರರು ತಮ್ಮ ಕೈ ನೋಡಿಕೊಂಡರು. ಕೈ ಸರಿಯಿತ್ತು. ಮತ್ತೊಮ್ಮೆ ಒತ್ತಿದರು, ಮತ್ತೆ ಅದೇ ಅಪಸ್ವರ. ಇನ್ನೊಮ್ಮೆ ನೋಡಿಕೊಂಡರು. ಆಗ ಎರಡೂ ಕೈ ಎತ್ತಿ, ಕುರ್ಚಿಯಲ್ಲಿ ಪೂರಾ ಹಿಂದಕ್ಕೆ ತಿರುಗಿ, ಕತ್ತು ಉದ್ದ ಮಾಡಿ ನನ್ನ ಎಡಗೈಯನ್ನು ನೋಡಿದರು. ನನ್ನ ತೋರುಬೆರಳು ಮೊದಲನೆಯ ಫ್ರೆಟ್ಟಿನ ಮೇಲಿತ್ತು. ಒಂದು ಸಾಲಿನಷ್ಟು ಹೊತ್ತು ಅದನ್ನೇ ನೋಡಿದರು. ಆಮೇಲೆ ತಿರುಗಿ ಗುಂಡಿಯನ್ನು ಎರಡು ಸಲ ಒತ್ತಿ, ಪಲ್ಲವಿ ಬರುವವರೆಗೆ ಕಾದು, ಮೆತ್ತಗೆ ಒಳಗೆ ಬಂದರು. ಹಾಡು ಮುಗಿಯಿತು. ಅಡುಗೆಯವರು ಯಾರೂ ಹೊರಗೆ ಬರಲಿಲ್ಲ.

ಊಟವಾದ ಮೇಲೆ ವೈರು ಸುತ್ತುತ್ತಿದ್ದೆ. ಅಕ್ಕ ಬಾಯಿಗೆ ಎಲೆಯಡಿಕೆ ಹಾಕಿಕೊಂಡು ಬಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಗಾಡಿ ಹತ್ತಿದರು. ಮಾಸ್ತರರು ಕೀಬೋರ್ಡಿಗೆ ಬಟ್ಟೆ ಸುತ್ತುತ್ತಿದ್ದರು.

“ತಮ್ಮಾ,” ಅಂದರು. “ಮುಂದಿನ ವಾರ ಕೊಪ್ಪಳದಾಗ ಲಗ್ನ ಐತಿ.”

“ಬರ್ಲೇನ್ರಿ?”

“ಬಾ. ಆದ್ರ ನನ್ನ ಬೆನ್ನ ಹಿಂದ ನಿಂದ್ರಬ್ಯಾಡ.” ಬಟ್ಟೆಯ ಗಂಟನ್ನು ಬಿಗಿ ಮಾಡಿದರು. “ಎದುರಿಗೆ ನಿಂದ್ರು. ನಿನ್ನ ಎಡಗೈ ನನಗ ಕಾಣಬೇಕು.”

“ಆತ್ರಿ ಮಾಸ್ತರ,” ಅಂದು ಆ್ಯಂಪ್ಲಿಫೈಯರ್ ಎತ್ತಿ ಹೆಗಲಿಗೆ ಇಟ್ಟುಕೊಂಡೆ.